ಸೊಟ್ಟಕ್ಕನ ಈಜು

ಮಾರ್ಚ್ 3, ಸೋಮವಾರ

ಇವತ್ತು ಮಾವ ಮೀನಿನ ಪೆಟ್ಟಿಗೆ ತೆರೆದರು. ಒಳಗೆ ಬಣ್ಣಬಣ್ಣದ ಅಂಟು ಇತ್ತು.

ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಈ ಪುಸ್ತಕವೂ ನನ್ನದಲ್ಲ, ಹಲ್ಲಿನ ಲ್ಯಾಬಿನದು. ನವೆಂಬರಿನಲ್ಲಿ ನನ್ನನ್ನು ಮನೆಗೆ ಕಳಿಸಿದ ದಿನ ಬ್ರಷ್ಷು, ಅರಗಳ ಜೊತೆ ಚೀಲದಲ್ಲಿ ಬಂದುಬಿಟ್ಟ ಆರ್ಡರ್ ಪುಸ್ತಕ. ಪ್ರತಿ ಪುಟದ ತಲೆಯ ಮೇಲೂ ಅಚ್ಚಾಗಿದೆ: ರೋಗಿಯ ಹೆಸರು, ಹಲ್ಲಿನ ಬಣ್ಣ, ಕೊಡಬೇಕಾದ ದಿನ, ಷರಾ. ಇಪ್ಪತ್ನಾಲ್ಕು ವರ್ಷ ಇವನ್ನೇ ತುಂಬಿಸಿ ಈ ಊರಿನ ಅರ್ಧ ಜನಕ್ಕೆ ಹಲ್ಲು ಕಟ್ಟಿದವಳು ನಾನು. ಈಗ ಹಲ್ಲು ಕೆತ್ತಲು ಯಂತ್ರ ಬಂದಿದೆ. ಫ್ರಿಜ್ಜಿನಷ್ಟು ದೊಡ್ಡದು. ಊಟಕ್ಕೆ ಏಳುವುದಿಲ್ಲ, ಸೊಂಟ ನೋವು ಅನ್ನುವುದಿಲ್ಲ. ಯಜಮಾನರು ಅದರ ಮೇಲೆ ಧೂಳು ಕೂರದಿರಲೆಂದು ಹೊದಿಕೆ ಹೊಲಿಸಿದ್ದಾರಂತೆ. ನನಗೆ ಇಷ್ಟು ವರ್ಷದಲ್ಲಿ ಒಂದು ಒಳ್ಳೆಯ ಕುರ್ಚಿ ಕೊಡಿಸಲಿಲ್ಲ.

ಕೆಲಸ ಹೋದ ಸಿಟ್ಟಿಗೆ ಆ ತಿಂಗಳು ಮನೆಯ ಒಂದೊಂದು ಕಪಾಟನ್ನೂ ತಿಕ್ಕಿ ತೊಳೆದು ಜೋಡಿಸಿದ್ದೆ. ಮಾವನ ಪೆಟ್ಟಿಗೆಯನ್ನೂ ಬಿಡಲಿಲ್ಲ. ಅದರಲ್ಲಿ ಮರದ ಸುಳ್ಳುಮೀನುಗಳಿದ್ದವು. ಬಣ್ಣ ಬಳಿದು, ಹೊಟ್ಟೆಗೆ ಗಾಳ ತೂಗುಹಾಕಿದ್ದು. ನೀರಿನಲ್ಲಿ ಎಳೆದರೆ ನಿಜದ ಮೀನಿನ ಹಾಗೆ ಆಡುತ್ತವೆ, ದೊಡ್ಡ ಮೀನು ಮೋಸಹೋಗಿ ಬಾಯಿ ಹಾಕುತ್ತದೆ. ಅಂಗಡಿಯಲ್ಲಿ ಲೂರ್ ಎನ್ನುತ್ತಾರೆ. ಅವಲ್ಲದೆ ಮೆತ್ತನೆಯ ರಬ್ಬರ್ ಹುಳುಗಳೂ ಇದ್ದವು, ಒಂದೊಂದು ಬಗೆ ಒಂದೊಂದು ಗಾಜಿನ ಬಾಟಲಿಯಲ್ಲಿ. ಹನ್ನೊಂದು ಬಾಟಲಿ ಯಾಕೆ ಅಂತ ನಾನು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳತೆ ನೋಡಿ ಸಾಲಾಗಿ ಮಲಗಿಸಿದೆ. ಮರದ ಮೀನಿನ ಪಕ್ಕ ರಬ್ಬರ್ ಹುಳು. ನೋಡಲು ಎಷ್ಟು ಚೆಂದವಿತ್ತು!

ಮೂರು ತಿಂಗಳಲ್ಲಿ ರಬ್ಬರು ಬೆವರಿ ಬಣ್ಣವನ್ನೆಲ್ಲ ತಿಂದುಹಾಕಿದೆ. ದಿನಾ ಪ್ಲಾಸ್ಟಿಕ್ಕಿನಲ್ಲೇ ಕೈಯಾಡಿಸಿದವಳು, ನನಗೆ ತಿಳಿಯಬೇಕಿತ್ತು.

ಮಾವ ಬೈಯಲಿಲ್ಲ. ಬೈದಿದ್ದರೆ ನೆಮ್ಮದಿಯಿರುತ್ತಿತ್ತು. ಮುಚ್ಚಳ ಹಾಕಿ ಕಿಟಕಿಯ ಪಕ್ಕ ಹೋಗಿ ಕೂತರು. ನನಗೆ ನಾಚಿಕೆಯಿಂದ ಸಾಯುವ ಹಾಗಾಗಿದೆ.

ಮಾರ್ಚ್ 5, ಬುಧವಾರ

ಮಾವ ಇನ್ನೂ ಕಿಟಕಿಯಲ್ಲೇ. ನಾನು ಫೋನು ಪಕ್ಕದಲ್ಲಿಟ್ಟುಕೊಂಡು ಅಡುಗೆ ಮನೆಯಲ್ಲಿ. ಲ್ಯಾಬಿನಿಂದ ಕರೆ ಬಂದೀತೆಂದು ಗಂಟೆಗೊಮ್ಮೆ ನೋಡುವ ಚಟ ಹೋಗಿಲ್ಲ. ಯಾರೂ ಮಾಡುವುದಿಲ್ಲ.

ಮಾರ್ಚ್ 9, ಭಾನುವಾರ

ಬೀಗದ ತಾತ ಬಂದಿದ್ದರು. ಬಸ್ ನಿಲ್ದಾಣದ ಎದುರು ಬೀಗ ರಿಪೇರಿ ಮಾಡುತ್ತಾರೆ, ಮಾವನ ಸ್ನೇಹಿತರು, ಕೆರೆಯ ಮೇಲೆ ಮಾತ್ರ ಶತ್ರು. ಏಪ್ರಿಲ್ 27ಕ್ಕೆ ಕೆರೆಯಲ್ಲಿ ವರ್ಷದ ಮೀನು ಹಿಡಿಯುವ ಪಂದ್ಯ. ಮಾವ ಮೂವತ್ತೊಂದು ವರ್ಷದಿಂದ ಒಂದನ್ನೂ ತಪ್ಪಿಸಿದವರಲ್ಲ.

"ಹೆಸರು ಬರೆಸ್ಲಾ?" ಎಂದರು ಬೀಗದ ತಾತ.

"ಬೇಡ. ಈ ವರ್ಷ ಬರಲ್ಲ."

"ಯಾಕಯ್ಯಾ, ನನ್ನ ಕಂಡ್ರೆ ಭಯಾನಾ?"

"ಸೊಟ್ಟಕ್ಕ ಇಲ್ಲ. ಅವಳಿಲ್ದೆ ನೀರಿಗಿಳಿಯೋ ಆಸೆ ನಂಗಿಲ್ಲ. ಸಾಕು ಬಿಡು, ಎಪ್ಪತ್ತಾರಾಯ್ತು."

ಸೊಟ್ಟಕ್ಕ ಎಂದರೆ ಆ ಪೆಟ್ಟಿಗೆಯ ಹಿರಿಯಳು, ಬೆರಳುದ್ದದ ಮರದ ಮೀನು. ನಾನು ಚಹಾ ತಂದವಳು ಬಾಗಿಲಲ್ಲೇ ನಿಂತುಬಿಟ್ಟೆ. "ಸಾಕು ಬಿಡು" ಎಂದ ದನಿ ನನಗೆ ಗೊತ್ತು. ನವೆಂಬರಿನಿಂದ ನಾನು ಹಾಗೆಯೇ ಮಾತಾಡುತ್ತಿದ್ದೇನೆ.

ಸಂಜೆ ಪೆಟ್ಟಿಗೆಯನ್ನು ನನ್ನ ಕೋಣೆಗೆ ತಂದೆ. ಹಾಳು ಮಾಡಿದವಳು ನಾನು, ಸರಿಮಾಡುವವಳೂ ನಾನೇ. ಇನ್ನು ನಲವತ್ತೊಂಬತ್ತು ದಿನವಿದೆ.

ಮಾರ್ಚ್ 12, ಬುಧವಾರ

ಸೊಟ್ಟಕ್ಕನನ್ನು ಅಂಟಿನಿಂದ ಬಿಡಿಸಲು ಎರಡು ದಿನ ಬೇಕಾಯಿತು. ಬಿಸಿನೀರು, ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ಷು, ಆಮೇಲೆ ನನ್ನ ಅತಿ ಸಣ್ಣ ಅರ. ಬಣ್ಣ ಹೋಗಿದೆ. ಮೂತಿಯ ಕೆಳಗೆ ನಾಲಗೆಯ ಹಾಗೆ ಚಾಚಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮೆತ್ತಗಾಗಿ ಮುದುಡಿದೆ. ಎಡ ಪಕ್ಕೆಯಲ್ಲಿ ಹುಣಸೆ ಬೀಜದಷ್ಟು ಮರ ಮೊದಲೇ ಹಾರಿಹೋಗಿದೆ. ದಾರ ಕಟ್ಟುವ ಮೂಗಿನ ತಂತಿ ಉಂಗುರ ಒಂದು ಕಡೆಗೆ ವಾಲಿದೆ. ಹೆಸರಿಗೆ ತಕ್ಕ ಹಾಗೆ ಪೂರ್ತಿ ಸೊಟ್ಟ.

ಉಂಗುರವನ್ನು ಇಕ್ಕಳದಲ್ಲಿ ಒಂದೇ ಸಲಕ್ಕೆ ನೆಟ್ಟಗೆ ಮಾಡಿದೆ. ನೆಟ್ಟಗಿಲ್ಲದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಮ್ಮೆ ಒಬ್ಬ ಮುದುಕರು ತಮ್ಮ ಮುಂದಿನ ಹಲ್ಲು ಮೊದಲಿನಂತೆ ವಾರೆಯಾಗಿಯೇ ಇರಲಿ ಎಂದಿದ್ದರು. ನಾನು ಮುತ್ತಿನ ಸಾಲಿನ ಹಾಗೆ ಜೋಡಿಸಿ ಕೊಟ್ಟೆ. ಮಾರನೆಯ ದಿನ ವಾಪಸು ತಂದು, "ಇದನ್ನ ಹಾಕ್ಕೊಂಡು ಹೋದ್ರೆ ನನ್ನ ಹೆಂಡತಿ ಬಾಗಿಲು ತೆಗೆಯಲ್ಲ" ಎಂದರು. ಎಂಥೆಂಥ ಜನ!

ಹೊಟ್ಟೆಯಲ್ಲಿ ಉಳಿದಿದ್ದ ಚೂರು ಬಣ್ಣಕ್ಕೆ ಹಲ್ಲಿನ ಬಣ್ಣದ ಪಟ್ಟಿ ಹಿಡಿದು ನೋಡಿದೆ. ಎ-ಮೂರು. ಬೀಡಿ ಬಿಟ್ಟು ಹತ್ತು ವರ್ಷವಾದವನ ಹಲ್ಲು.

ಮಾರ್ಚ್ 16, ಭಾನುವಾರ

ಪಕ್ಕೆಯ ಗಾಯಕ್ಕೆ ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್ ತುಂಬಿ ಉಜ್ಜಿದೆ. ಅದರಲ್ಲೇ ಹೊಸ ನಾಲಗೆ ಎರಕ ಹೊಯ್ದೆ. ಸ್ನಾನದ ತೊಟ್ಟಿ ತುಂಬಿಸಿ ಬಿಟ್ಟರೆ ಕಲ್ಲಿನ ಹಾಗೆ ತಳಕ್ಕೆ ಹೋಗಿ ಕೂತಳು. ಅಕ್ರಿಲಿಕ್ಕು ಮರಕ್ಕಿಂತ ಭಾರ.

ನನ್ನವರು ಬಸ್ ಡ್ಯೂಟಿ ಮುಗಿಸಿ ಟವೆಲ್ ಹಿಡಿದು ಬಂದು ಬಾಗಿಲು ಬಡಿದರು. "ಮೀನಿನ ಸ್ನಾನ ಆಯ್ತೇನೇ? ಮನುಷ್ಯರಿಗೂ ಒಂದು ಪಾಳಿ ಇದ್ಯಾ?"

ಮಾರ್ಚ್ 22, ಶನಿವಾರ

ಪಕ್ಕೆಯ ಅಕ್ರಿಲಿಕ್ ಕೊರೆದು ತೆಗೆದು, ಬಾಟಲಿಯ ಬೆಂಡಿನ ಬಿರಡೆ ಕತ್ತರಿಸಿ ತುಂಬಿದೆ. ತೇಲಿದಳು! ದಾರ ಕಟ್ಟಿ ಎಳೆದರೆ ತೊಟ್ಟಿಯ ಈ ತುದಿಯಿಂದ ಆ ತುದಿಗೆ ಅಳತೆಪಟ್ಟಿಯ ಮೇಲೆ ಓಡಿದ ಹಾಗೆ ನೇರ. ಬೆನ್ನಿಗೆ ಹಸಿರು, ಹೊಟ್ಟೆಗೆ ಎ-ಮೂರು, ಪಕ್ಕೆಯಲ್ಲಿ ಒಂದೊಂದೇ ಬಿಡಿಸಿದ ನೂರಾ ಹನ್ನೆರಡು ಹುರುಪೆ, ಮೂರು ಸಲ ವಾರ್ನಿಶ್. ಅಂಗಡಿಯಲ್ಲಿ ಇಂಥದು ಸಿಕ್ಕರೆ ಕೇಳಿ. ಯಾವ ಯಂತ್ರವೂ ಮಾಡಲಾರದು. ನಾಳೆ ಮಾವನ ಕೈಗಿಡುತ್ತೇನೆ.

ಮಾರ್ಚ್ 23, ಭಾನುವಾರ

ಮಾವ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವರಿಗೆ ಈಗ ದೃಷ್ಟಿ ಮಂದ. ಹೆಬ್ಬೆರಳಿನಿಂದ ಪಕ್ಕೆ ಸವರಿದರು, ಮೂಗಿನ ಉಂಗುರ ಸವರಿದರು. ಎದ್ದು ಹೋಗಿ ತೊಟ್ಟಿಯಲ್ಲಿ ಒಂದೇ ಒಂದು ಸಲ ಎಳೆದರು.

"ತುಂಬಾ ಚೆನ್ನಾಗಿದೆ ಕಣಮ್ಮ. ಶೋಕೇಸಲ್ಲಿಡು."

ಮಾರ್ಚ್ 24, ಸೋಮವಾರ

ಶೋಕೇಸಲ್ಲಿಡಬೇಕಂತೆ. ಬಚ್ಚಲಿಗೆ ಬಿಸಾಡುತ್ತೇನೆ.

ಮಾರ್ಚ್ 30, ಭಾನುವಾರ

ಬಿಸಾಡಲಿಲ್ಲ. ಚೀಲದಲ್ಲಿ ಹಾಕಿಕೊಂಡು ಬೀಗದ ತಾತನ ಅಂಗಡಿಗೆ ಹೋದೆ. ಸಾವಿರ ಬೀಗದ ಕೈ ನೇತಾಡುವ, ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿರಬೇಕಾದ ಅಂಗಡಿ.

"ಇದರಲ್ಲಿ ಏನು ತಪ್ಪಿದೆ ಹೇಳಿ" ಎಂದೆ. ದನಿ ಜೋರಾಗಿಯೇ ಇತ್ತು ಅನಿಸುತ್ತದೆ, ಬೀಗದ ಕೈ ಮಾಡಿಸಲು ಬಂದವನು ಒಂದು ಹೆಜ್ಜೆ ಹಿಂದೆ ಸರಿದ.

ಬೀಗದ ತಾತ ಸೊಟ್ಟಕ್ಕನನ್ನು ತಿರುಗಿಸಿ ನೋಡಿ ನಕ್ಕರು. "ಅಯ್ಯೋ ನನ್ನ ಮಗಳೇ! ಇವಳನ್ನ ನೆಟ್ಟಗೆ ಮಾಡ್ಬಿಟ್ಟಿದೀಯಲ್ಲ!"

"ಹೌದು. ಎಷ್ಟು ನೇರ ಓಡ್ತಾಳೆ ಗೊತ್ತಾ?"

"ನೇರ ಓಡೋ ಮೀನನ್ನ ಯಾರಮ್ಮ ಹಿಡೀತಾರೆ? ಚೆನ್ನಾಗಿರೋ ಮೀನು ತಪ್ಪಿಸ್ಕೊಳ್ಳುತ್ತೆ ಅಂತ ದೊಡ್ಡ ಮೀನಿಗೂ ಗೊತ್ತು. ಅದು ನೋಡೋದು ಪೆಟ್ಟು ತಿಂದಿರೋದನ್ನ, ತಡವರಿಸೋದನ್ನ. ಇವಳು ಒಂದು ಸಲ ಕಲ್ಲಿಗೆ ಬಡಿದು ಪಕ್ಕೆ ಹಾರಿಹೋಯ್ತು. ಆವತ್ತಿಂದ ಒಂದೇ ಸಮ ಸುತ್ತು ಹೊಡೆಯೋಳು. ನಿಮ್ಮ ಮಾವ ಅದಕ್ಕೆ ಮೂಗಿನ ಉಂಗುರ ಬಗ್ಗಿಸ್ದ. ಒಂದಿಡೀ ಬೇಸಿಗೆ, ದಿನಕ್ಕೆ ಕೂದಲೆಳೆಯಷ್ಟು. ಕೊನೆಗೆ ನೋಡು, ಎರಡು ಹೆಜ್ಜೆ ಸರಿಯಾಗಿ ಇಡೋಳು, ಮೂರನೇದಕ್ಕೆ ಎಡವೋಳು. ಆಮೇಲೆ ನಾನು ಮೂರು ವರ್ಷ ಗೆಲ್ಲಲಿಲ್ಲ."

ಒಂದಿಡೀ ಬೇಸಿಗೆ. ನಾನು ಅದನ್ನು ಇಕ್ಕಳದಲ್ಲಿ ಒಂದೇ ಸಲಕ್ಕೆ ನೆಟ್ಟಗೆ ಮಾಡಿದ್ದೆ. ವಾಪಸು ನಡೆದು ಬಂದ ದಾರಿ ಯಾವುದೆಂದು ಈಗ ಕೇಳಿದರೆ ಹೇಳಲಾರೆ.

ಏಪ್ರಿಲ್ 1, ಮಂಗಳವಾರ

ಮಾವನಿಗೆ ಎಲ್ಲ ಹೇಳಿದೆ. ಬಾಟಲಿ ಎಸೆದದ್ದು, ಸಾಲಾಗಿ ಮಲಗಿಸಿದ್ದು, ಉಂಗುರ ನೆಟ್ಟಗೆ ಮಾಡಿದ್ದು, ಕೊನೆಗೆ ಬಿಸಾಡಲು ಹೊರಟಿದ್ದು ಕೂಡ. ಹೇಳುತ್ತ ಹೇಳುತ್ತ ಅಳು ಬಂತು. ಐವತ್ತೊಂದು ವರ್ಷದ ಹೆಂಗಸು ಮರದ ಮೀನಿಗಾಗಿ ಮೂಗು ಒರೆಸಿಕೊಳ್ಳುತ್ತ ನಿಂತಿದ್ದೆ.

"ಗೊತ್ತಿತ್ತಮ್ಮ" ಎಂದರು ಮಾವ. "ನಾನು ಅವಳ ಹತ್ರ ಮಾತಾಡ್ಕೊಂಡು ಬಗ್ಗಿಸಿದ್ದು, ನಿಂಗೆ ಹೇಗೆ ಗೊತ್ತಾಗ್ಬೇಕು? ಹೇಳ್ದೇ ಇದ್ದಿದ್ದು ನನ್ನ ತಪ್ಪು."

"ಈಗ ಹೇಳಿಕೊಡಿ."

"ಕಣ್ಣು ಕಾಣಲ್ಲ, ಕೈ ನಡುಗುತ್ತೆ."

"ಕಣ್ಣು, ಕೈ ನನ್ನದಿದೆಯಲ್ಲ ಮಾವ."

ಮಾವ ಕಿಟಕಿಯ ಪಕ್ಕದಿಂದ ಎದ್ದರು. ಆಮೇಲೆ, "ಆ ಪ್ಲಾಸ್ಟಿಕ್ ಸ್ಟೂಲ್ ಬಚ್ಚಲಲ್ಲಿ ಹಾಕು" ಎಂದರು.

ಏಪ್ರಿಲ್ 6, ಭಾನುವಾರ

ಮೊದಲ ಪಾಠವೇ ಕಷ್ಟದ್ದು. ಬೆಂಡಿನ ತೇಪೆ ತೆಗೆಯಬೇಕು ಎಂದರು. ನೂರಾ ಹನ್ನೆರಡು ಹುರುಪೆಗಳಲ್ಲಿ ಹತ್ತೊಂಬತ್ತು ಅದರ ಮೇಲಿದ್ದವು. ಹಲ್ಲು ಕಚ್ಚಿಕೊಂಡು ಕೊರೆದೆ. ಗಾಯದ ಗುಳಿಗೆ ಬರೀ ವಾರ್ನಿಶ್ ಬಳಿದೆ, ನೀರು ಹೀರದಿರಲಿ ಎಂದು.

ಈಗ ಅವಳು ಸುತ್ತು ಹೊಡೆಯುತ್ತಾಳೆ, ಬೀಗದ ತಾತ ಹೇಳಿದ ಹಾಗೆಯೇ. ಯಾವ ಕಡೆ ಓಡುತ್ತಾಳೋ ಅದರ ಎದುರು ಕಡೆಗೆ ಉಂಗುರ ಬಗ್ಗಿಸಬೇಕು. ಕೂದಲೆಳೆಯಷ್ಟು. ಬಗ್ಗಿಸು, ಎಳೆ, ನೋಡು. ಮಾವ ಸ್ಟೂಲಿನ ಮೇಲೆ, ನಾನು ಮೊಣಕಾಲೂರಿ. ನನ್ನವರು ಬಸ್ ಡಿಪೋದಲ್ಲೇ ಸ್ನಾನ ಮಾಡಿ ಬಂದರು.

ಏಪ್ರಿಲ್ 12, ಶನಿವಾರ

ಇವತ್ತು ಹದಿನೇಳು ಸಲ ಬಗ್ಗಿಸಿದೆ. ತಂತಿ ದಣಿದು ಮುರಿದರೆ ಮುಗಿಯಿತು, ಅದಕ್ಕೇ ಉಸಿರು ಬಿಗಿಹಿಡಿದು ಬಗ್ಗಿಸುತ್ತೇನೆ. ಮಾವ ಕಣ್ಣು ಮುಚ್ಚಿ ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು, "ಇನ್ನೂ ಇಲ್ಲ. ಇನ್ನೂ ಇಲ್ಲ" ಎನ್ನುತ್ತಾರೆ. ನಡುನಡುವೆ ಅವಳು ಹಿಡಿದ ಮೀನುಗಳ ಕಥೆ. ಒಂದೊಂದು ಮೀನೂ ಪ್ರತಿ ಸಲ ಒಂದು ಗೇಣು ಬೆಳೆಯುತ್ತದೆ. ನಾನು ಅಳತೆ ಬರೆದಿಟ್ಟುಕೊಂಡು ತೋರಿಸಿದರೆ, "ಮೀನು ಬೆಳೆಯಲ್ವೇನಮ್ಮ?" ಎಂದರು.

ಲ್ಯಾಬಿನಿಂದ ಫೋನ್ ಬಂದಿತ್ತು. ಕೈ ಒದ್ದೆಯಿತ್ತು, ಎತ್ತಲಿಲ್ಲ. ಬೀಗದ ತಾತ ತಮ್ಮ ಮುರುಕು ಮೀನುಗಳ ಡಬ್ಬಿ ತಂದು ಮೇಜಿನ ಮೇಲಿಟ್ಟು ಹೋಗಿದ್ದಾರೆ. ಇವುಗಳ ಹೊಟ್ಟೆಯ ಬಣ್ಣ ಬಿ-ಎರಡು ಇರಬೇಕು, ನಾಳೆ ಬೆಳಕಿನಲ್ಲಿ ನೋಡಬೇಕು.

ಏಪ್ರಿಲ್ 19, ಶನಿವಾರ

ಸಿಕ್ಕಿತು!

ಬೆಳಗ್ಗೆ ಹತ್ತೂವರೆ. ಬಗ್ಗಿಸಿದ್ದೇ ಕಾಣದಷ್ಟು ಬಗ್ಗಿಸಿದೆ. ಮಾವನಿಗೆ ಕೊಡುವ ಮೊದಲು ಸುಮ್ಮನೆ ನನ್ನ ಬೆರಳಿನ ಮೇಲೆ ದಾರ ಹಾಯಿಸಿ ಕಣ್ಣು ಮುಚ್ಚಿ ಎಳೆದೆ. ಟುಕ್, ಟುಕ್, ಆಮೇಲೆ ಒಂದು ಕ್ಷಣ ಏನೂ ಇಲ್ಲ, ತಟ್ಟನೆ ಜೋರಾಗಿ ಟುಕ್. ಎರಡು ಹೆಜ್ಜೆ, ಒಂದು ಎಡವು. ದಾರವನ್ನು ಮಾವನ ಕೈಗೆ ಕೊಟ್ಟೆ.

ಎಳೆದರು. ಇನ್ನೊಂದು ಸಲ ಎಳೆದರು. "ಬಂದ್ಯಾ?" ಎಂದರು. ನನಗಲ್ಲ, ಅವಳಿಗೆ.

ಆಮೇಲೆ ಬಚ್ಚಲಿನಿಂದಲೇ ಕೂಗಿ ಮಗನಿಗೆ ಹೇಳಿದರು, "ಲೋ, ಬೀಗದವನಿಗೆ ಫೋನ್ ಮಾಡು. ನನ್ನ ಹೆಸರು ಬರೆಸೋಕೆ ಹೇಳು!"

ಏಪ್ರಿಲ್ 26, ಶನಿವಾರ

ನಾಳೆ ನನ್ನವರು ದೋಣಿ ನಡೆಸುವುದೆಂದು ಗೊತ್ತಾಗಿತ್ತು. ಡಿಪೋದವರು ಡ್ಯೂಟಿ ಹಾಕಿಬಿಟ್ಟಿದ್ದಾರೆ. "ನಿಂಗೆ ಹುಟ್ಟು ಹಾಕೋಕೆ ಬರುತ್ತಾ?" ಎಂದು ಮಾವ ಕೇಳಿದರು. ಬರುತ್ತದೆ ಎಂದೆ. ಬರುವುದಿಲ್ಲ.

ಏಪ್ರಿಲ್ 27, ಭಾನುವಾರ

ಕೈ ತುಂಬ ಬೊಬ್ಬೆ, ಪೆನ್ನು ಹಿಡಿಯಲಾಗುತ್ತಿಲ್ಲ, ಆದರೂ ಬರೆಯದೆ ಮಲಗಲಾರೆ.

ಆರೂವರೆಗೆ ಸೀಟಿ ಊದಿದರು. ಇಪ್ಪತ್ತೆರಡು ದೋಣಿ. ಇಪ್ಪತ್ತೊಂದು ಮುಂದೆ ಹೋದವು, ನಮ್ಮದು ಇದ್ದಲ್ಲೇ ಗಿರಗಿರನೆ ತಿರುಗಿತು. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮಾವ ನನ್ನ ಕಡೆ ತಿರುಗದೆ, "ಪರವಾಗಿಲ್ಲ, ಊರೆಲ್ಲ ನೋಡಿದ ಹಾಗಾಯ್ತು" ಎಂದರು. ಬೀಗದ ತಾತ ತಮ್ಮ ದೋಣಿಯಿಂದ ಟೋಪಿ ಬೀಸಿದರು.

ಹಳೆಯ ಪಂಪ್‌ಹೌಸಿನ ಹತ್ತಿರ ಜೊಂಡು ಬೆಳೆದ ಮೂಲೆಗೆ ತಲುಪುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿತ್ತು. ಮಾವ ಸೊಟ್ಟಕ್ಕನನ್ನು ನೀರಿಗೆ ಎಸೆಯಲು ಶುರುಮಾಡಿದರು. ಏಳು ಗಂಟೆ, ಎಂಟು, ಒಂಬತ್ತು. ಏನೂ ಇಲ್ಲ. ಬೀಗದ ತಾತನ ಕಡೆಯಿಂದ ಕೂಗಾಟ ಕೇಳಿಸಿತು, ಅವರಿಗೆ ದೊಡ್ಡದೇ ಸಿಕ್ಕಿದೆ. ತೊಟ್ಟಿಯ ನೀರೇ ಬೇರೆ, ಕೆರೆಯ ನೀರೇ ಬೇರೆ. ನಾನು ಮಾಡಿದ ನಾಲಗೆ ದಪ್ಪವಾಯಿತೇನೋ, ವಾರ್ನಿಶ್ ಹೆಚ್ಚಾಯಿತೇನೋ. ಮಾವನ ಭುಜ ಇಳಿಯುತ್ತಿತ್ತು. ಪಂದ್ಯ ಮುಗಿಯುವುದು ಹತ್ತಕ್ಕೆ.

"ಮಾವ, ಹೇಗಿದಾಳೆ?" ಎಂದೆ, ತಡೆಯಲಾಗದೆ.

"ಎಡವ್ತಾ ಇದಾಳೆ. ಚೆನ್ನಾಗಿ ಎಡವ್ತಾ ಇದಾಳೆ. ನೀನು ಸುಮ್ನಿರು."

ಒಂಬತ್ತೂ ಮುಕ್ಕಾಲಿಗೆ ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತು. ಜೊಂಡಿನ ಪಕ್ಕದ ನೀರು ಒಡೆದು ಬೆನ್ನೊಂದು ಎದ್ದು ಮುಳುಗಿತು. ದಾರ ಕಿರ್ ಎಂದು ಓಡಿತು. ಎಪ್ಪತ್ತಾರರ ಮಾವ ಎದ್ದು ನಿಂತುಬಿಟ್ಟರು. "ಕೂತ್ಕೊಳ್ಳಿ ಮಾವ!" ಎಂದು ನಾನು ಕಿರುಚುತ್ತೇನೆ, "ಬಲೆ ತಗೋ! ಬಲೆ!" ಎಂದು ಅವರು ಕಿರುಚುತ್ತಾರೆ. ಮೊದಲ ಸಲ ಬಲೆ ಹಾಕಿದಾಗ ಬರೀ ನೀರು ಬಂತು. ಎರಡನೇ ಸಲ ದೋಣಿ ವಾಲಿ ನನ್ನ ಒಂದು ಚಪ್ಪಲಿ ಕೆರೆಗೆ ಹೋಯಿತು. ಮೂರನೇ ಸಲ ಬಲೆಯಲ್ಲಿ ಒಂದು ಮಗುವಿನಷ್ಟು ಭಾರ. ಎಳೆದು ದೋಣಿಗೆ ಹಾಕಿ ಅದರ ಪಕ್ಕದಲ್ಲೇ ನಾನೂ ಬಿದ್ದೆ. ಬಿದ್ದಲ್ಲೇ ನಗಲು ಶುರುಮಾಡಿದೆ. ಮಾವನೂ ನಕ್ಕರು, ಆಮೇಲೆ ಅವರ ಕಣ್ಣಲ್ಲಿ ನೀರು ಕಂಡಿತು.

ಬೀಗದ ತಾತನದು ನಾಲ್ಕು ಕೆಜಿ ಒಂಬೈನೂರು. ನಮ್ಮದು ಐದು ಕೆಜಿ ಮುನ್ನೂರು! ನಾವೇ ಮೊದಲು! ಬೀಗದ ತಾತ ತಕ್ಕಡಿ ಸರಿಯಿದೆಯೇ ಎಂದು ಎರಡು ಸಲ ತೂಗಿಸಿದರು, ಆಮೇಲೆ ಮಾವನನ್ನು ಅಪ್ಪಿಕೊಂಡು ಬಿಡಲೇ ಇಲ್ಲ.

ತೂಕ ಬರೆಯುವವನು, "ಯಾವ ಕಂಪನಿ ಲೂರ್ ತಾತ?" ಎಂದು ಕೇಳಿದ.

ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಕಂಪನಿ ಅಲ್ಲ, ನಮ್ಮನೇದು. ಮೊದ್ಲು ನಾನು ಸೊಟ್ಟ ಮಾಡ್ದೆ. ನನ್ನ ಸೊಸೆ ನೆಟ್ಟಗೆ ಮಾಡಿ ಹಾಳ್ಮಾಡಿದ್ಲು. ಆಮೇಲೆ ಅವಳೇ ಮತ್ತೆ ಸೊಟ್ಟ ಮಾಡಿದ್ಲು. ಇಷ್ಟು ಚೆನ್ನಾಗಿ ಸೊಟ್ಟ ಮಾಡೋರು ಈ ಊರಲ್ಲಿ ಇನ್ನೊಬ್ರಿಲ್ಲ, ನನ್ನನ್ನೂ ಸೇರಿಸಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಒಂದೇ ಚಪ್ಪಲಿಯಲ್ಲಿ, ಮೈತುಂಬ ಮೀನಿನ ಲೋಳೆ ಮೆತ್ತಿಕೊಂಡು ನಿಂತಿದ್ದೆ. ಅಂಥ ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಏಪ್ರಿಲ್ 29, ಮಂಗಳವಾರ

ಮೇಜಿನ ಮೇಲೆ ಈಗ ಆರು ಡಬ್ಬಿಗಳಿವೆ. ನಿನ್ನೆ ಸಂಜೆಯಿಂದ ಪಂದ್ಯಕ್ಕೆ ಬಂದಿದ್ದವರು ಒಬ್ಬೊಬ್ಬರಾಗಿ ತಂದಿಟ್ಟು ಹೋಗುತ್ತಿದ್ದಾರೆ. ಪ್ರತಿಯೊಬ್ಬರನ್ನೂ ಕೂರಿಸಿ ಮೊದಲು ಕೇಳುತ್ತೇನೆ, ಇದು ಹೇಗೆ ಈಜುತ್ತಿತ್ತು, ಎಲ್ಲಿ ಪೆಟ್ಟು ಬಿತ್ತು ಎಂದು. ಹೇಳಲು ಶುರುಮಾಡಿದರೆ ಅವರು ನಿಲ್ಲಿಸುವುದಿಲ್ಲ. ಮಾವ ಸ್ಟೂಲನ್ನು ನನ್ನ ಕೋಣೆಗೇ ತಂದುಕೊಂಡಿದ್ದಾರೆ. ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ನನ್ನವರ ಒಗೆದ ಬಟ್ಟೆ ಬಿದ್ದಿದೆ.

ಲ್ಯಾಬಿನ ಯಜಮಾನರು ಮತ್ತೆ ಫೋನ್ ಮಾಡಿದ್ದರು, ಇದು ನಾಲ್ಕನೆಯ ಸಲವಂತೆ. ಯಂತ್ರದ ಹಲ್ಲನ್ನು ಐದು ಜನ ವಾಪಸು ತಂದಿದ್ದಾರೆ, ಅಳತೆಯೆಲ್ಲ ಸರಿಯಿದೆ, ಆದರೆ "ಇದು ನಮ್ಮದಲ್ಲ" ಎನ್ನುತ್ತಾರಂತೆ. ನಾಳೆ ಬರಲು ಆಗುತ್ತದೆಯೇ ಎಂದರು. ನಾಳೆ ನನಗೆ ಬಿಡುವಿಲ್ಲ, ಶುಕ್ರವಾರ ನೋಡೋಣ ಎಂದೆ. ಅಷ್ಟರಲ್ಲಿ ಐವರ ಹಳೆಯ ಫೋಟೋ ತರಿಸಿಡಿ, ನಗುತ್ತಿರುವುದು, ಯಾವ ಹಲ್ಲು ಯಾವ ಕಡೆ ವಾಲಿತ್ತೆಂದು ಕಾಣಬೇಕು ಎಂದೂ ಹೇಳಿದೆ. ಕುರ್ಚಿಯ ವಿಷಯ ಮರೆತುಬಿಟ್ಟೆ, ಶುಕ್ರವಾರ ಹೇಳಬೇಕು.

ಸೊಟ್ಟಕ್ಕನನ್ನು ತೊಳೆದು ಒರೆಸುವಾಗ ಕಂಡಿತು. ಬಲ ಪಕ್ಕೆಯ ಹುರುಪೆಗಳ ಮೇಲೆ, ವಾರ್ನಿಶ್ ದಾಟಿ ಮರದವರೆಗೆ ಇಳಿದ ಎರಡು ಹಲ್ಲಿನ ಗುರುತು. ಕೈ ತಾನಾಗಿ ಅರದ ಕಡೆ ಹೋಯಿತು. ವಾಪಸು ತೆಗೆದುಕೊಂಡೆ. ಇವತ್ತು ಮೊದಲ ಸಲ ಈ ಪುಸ್ತಕದ ಕಾಲಂಗಳನ್ನು ಸರಿಯಾಗಿ ತುಂಬಿಸುತ್ತಿದ್ದೇನೆ.

ರೋಗಿಯ ಹೆಸರು: ಸೊಟ್ಟಕ್ಕ.
ಹಲ್ಲಿನ ಬಣ್ಣ: ಹೊಟ್ಟೆಗೆ ಎ-ಮೂರು.
ಕೊಡಬೇಕಾದ ದಿನ: ಕೊಟ್ಟಾಯಿತು.
ಷರಾ: ಬಲ ಪಕ್ಕೆಯಲ್ಲಿ ಎರಡು ಗುರುತು, ಐದು ಕೆಜಿ ಮುನ್ನೂರರದು. ಯಾರೂ ಮುಟ್ಟಬಾರದು. ನಾನೂ.